ಖಂಡೇಪೂಜಿ ದಿನ ಬಂದ ವಿಮಾ ಸಾಹೇಬರು

ಆಗ ನನ್ನ ಹತ್ರ ಒಂದು ಕಾರು ಇತ್ತು. ಸುಳ್ಳಲ್ರಿ, ಖರೇನ ಇತ್ತು. ಆದ್ರ ಎಲ್ಲಾ ಒಂದ ಕಡಿ ಇರಲಿಲ್ಲ, ಅಷ್ಟ!

ಇಂಜಿನ್ನು ನಮ್ಮ ಹಿತ್ತಲ ಖೋಲಿಯೊಳಗ ಗೋಣಿಚೀಲದ ಮ್ಯಾಲ ಕುಂತಿತ್ತು. ನಾಕೂ ಬಾಗಿಲಾ ಗ್ವಾಡಿಗೆ ಆತು ನಿಂತಿದ್ವು. ಹೆಡ್‌ಲೈಟು ಎರಡೂ ಮಾಡದಾಗ ಕುಂತು ಬಂದೋರನ್ನ ಪಿಳಿಪಿಳಿ ನೋಡತಿದ್ವು. ಹಿಂದಿನ ಸೀಟು ಅಟ್ಟದ ಮ್ಯಾಲ, ಗೇರ್‌ಬಾಕ್ಸು ಜ್ವಾಳದ ಚೀಲದ ಬಾಜೂಕ. ನಟ್ಟು, ಬೋಲ್ಟು, ಸ್ಪ್ರಿಂಗು ಇಂಥಾ ಸಣ್ಣಪುಟ್ಟ ಸಾಮಾನೆಲ್ಲಾ ಹನ್ನೊಂದು ಬಿಸ್ಕೀಟ್ ಡಬ್ಬಿಯೊಳಗ. ಯಾವ ನಟ್ಟು ಯಾವ ಡಬ್ಬಿಯೊಳಗ ಅದ ಅಂತ ಕೇಳಿದ್ರ ಕಣ್ಣು ಮುಚ್ಚಿ ಹೇಳತಿದ್ದೆ. ಅದನ್ನ ಯಾವ ಜಾಗಾಕ ಹಚ್ಚಬೇಕು ಅಂತ ಕೇಳಿದ್ರ ಮಾತ್ರ ಮುಚ್ಚಿದ ಕಣ್ಣು ತಗೀತಿರಲಿಲ್ಲ.

ನಾನು ಮಾನ್ವಿ ಹೈಸ್ಕೂಲಿನಾಗ ವಿಜ್ಞಾನ ಕಲಸೋ ಮಾಸ್ತರ. ಇಂಜಿನ್ ಹೆಂಗ ನಡೀತದ ಅಂತ ಕರಿ ಹಲಗಿ ಮ್ಯಾಲ ಚಿತ್ರ ತಗದು, ಬಾಣದ ಗುರುತು ಹಾಕಿ, ಎಷ್ಟೋ ವರ್ಷ ಪಾಠ ಮಾಡಿದಾವ. ಹಿಂಗಾಗಿ ದೇವದುರ್ಗದಾಗ ಒಬ್ರು ಗೌಡರ ವಾಡೇದೊಳಗ ಆ ಕರಿ ಕಾರು ನಿಂತದ್ದು ಕಂಡಾಗ ನನಗ ತಡಕೊಳ್ಳಾಕ ಆಗಲಿಲ್ಲ. ಅದರ ಹಿಂದಿನ ಸೀಟಿನ್ಯಾಗ ಒಂದು ಕೋಳಿ ಕಾವಿಗೆ ಕುಂತಿತ್ತು.

"ಮಾಸ್ತರ್ರ, ಇದು ನಡಿಯಂಗಿಲ್ಲ ನೋಡ್ರಿ," ಅಂತ ಗೌಡರು ಮೊದಲ ಹೇಳಿದ್ರು.

"ತಿಳದೋರು ಕೈ ಹಾಕಿಲ್ಲ, ಅದಕ್ಕ ನಡದಿಲ್ಲ ಬಿಡ್ರಿ," ಅಂದೆ ನಾನು.

ಗೌಡರು ಒಂದು ನಗು ನಕ್ರು. ಕೋಳಿನ್ನ ಎತ್ತಿ ಕೆಳಗ ಇಳಿಸಿ, ಕಾರು ನನಗ ಕೊಟ್ಟು ಕೈ ತೊಳಕೊಂಡ್ರು. ಒಂದು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನ ಮಾನ್ವಿ ತನಕ ಎಳಸಿಕೊಂಡು ಬಂದೆ. ಸ್ಟೀರಿಂಗ್ ಹಿಡ್ಕೊಂಡು ನಾನ ಕುಂತಿದ್ದೆ. ಹಾದಿ ಮ್ಯಾಲಿನ ಊರಾಗ ಮಂದಿ ಎದ್ದು ನಿಂತು ನಮಸ್ಕಾರ ಮಾಡಿದ್ರು. ನನಗ ಮಾಡಿದ್ರೋ, ಟ್ರ್ಯಾಕ್ಟರ್ ಡ್ರೈವರಗ ಮಾಡಿದ್ರೋ, ನಾ ಕೇಳಾಕ ಹೋಗಲಿಲ್ಲ. ಮುಂದ ಒಂದು ಆಯಿತವಾರ, ಸ್ವಲ್ಪ ಸ್ವಚ್ಛ ಮಾಡೋಣು ಅಂತ ಒಂದು ನಟ್ಟು ಬಿಚ್ಚಿದೆ. ಅದರ ಬಾಜೂಕ ಇನ್ನೊಂದು ಇತ್ತು. ಅದನ್ನೂ ಬಿಚ್ಚಿದೆ. ಹಿಂಗ ಆರು ವರ್ಷ ಆತು!

ಇನ್ನು ನಮ್ಮ ಮನಿಯಾಕಿ ಮಹಾದೇವಿ. ಆಕಿ ಹೊಲಿಗಿ ಕೆಲಸದಾಗ ಭಾಳ ಶಾಣ್ಯಾ. ನಮ್ಮ ಓಣಿ ಹೆಣ್ಣುಮಕ್ಕಳ ಕುಬಸ ಎಲ್ಲಾ ಆಕಿ ಕೈಯಾಗಿಂದನ ಹೊರಗ ಬೀಳಬೇಕು. ಆದ್ರ ಜಾಗಾ ಇಲ್ಲದ್ದಕ್ಕ ಹೊಲಿಗಿ ಮಷೀನು ಅಡಗಿ ಮನಿಯೊಳಗ, ಒಲಿ ಬಾಜೂಕ ಇಟ್ಟುಕೊಂಡಿದ್ಲು. ಒಂದು ದಿನ ಒಲಿಯೊಳಗಿನ ಕಿಡಿ ಸಿಡದು, ಮದುಮಗಳ ಕುಬಸದ ಬೆನ್ನಿಗೆ ಸರಿಯಾಗಿ ನಡುವ ಒಂದು ತೂತು ಬಿತ್ತು. ಆವತ್ತ ಸಂಜೀಕ ನನ್ನ ಮುಂದ ಚಾ ಇಟ್ಟು, ಭಾಳ ಸಮಾಧಾನದಿಂದ ಮಾತಾಡಿದ್ಲು. ಆಕಿ ಸಮಾಧಾನದಿಂದ ಮಾತಾಡಿದ್ರ ನನಗ ಕೈಕಾಲು ತಣ್ಣಗ ಆಗತಾವ.

"ಏನ್ರಿ, ಹಿತ್ತಲ ಖೋಲಿ ನನಗ ಬೇಕು. ದಸರಾ ಮುಗದ ಮಾರನೇ ದಿನ ಬಾ ಅಂತ ಗುಜರಿಯಾವಗ ಹೇಳೀನಿ."

"ಗುಜರಿಯಾವಗ? ಯಾಕ?"

"ಗುಜರಿ ಒಯ್ಯಾಕ."

"ಮಹಾದೇವಿ! ಅದು ಗುಜರಿ ಅಲ್ಲ. ಅದು ಆಸ್ತಿ!"

"ಹಂಗಂತ ನೀವೊಬ್ರ ಅನ್ನಾಕತ್ತೀರಿ. ತಿಳದ ಮನಷ್ಯಾ ಯಾರರ ಒಬ್ರು ಬಂದು, ನೋಡಿ, ಇದು ಆಸ್ತಿ ಅಂತ ಸಹಿ ಮಾಡಿ ಕೊಡಲಿ. ನಾ ಮತ್ತ ಆ ಖೋಲಿ ಹೆಸರ ಎತ್ತಂಗಿಲ್ಲ. ಒಲಿ ಮುಂದನ ಹೊಲೀತೀನಿ."

ಖರೇ ಹೇಳಬೇಕಂದ್ರ ನನಗ ಭಾಳ ಸಂಕಟ ಆತು. ಆಯಿತವಾರ ಆ ಖೋಲಿಯೊಳಗ ಎಣ್ಣಿ ವಾಸನಿ ತಗೋತ, ಒಂದೊಂದ ಸಾಮಾನು ಒರಸಿಕೋತ ಕುಂತ್ರ ವಾರದ್ದೆಲ್ಲಾ ದಣಿವು ಹೋಗತಿತ್ತು. ಆ ಖೋಲಿ ಹೋದ್ರ ನನಗ ಉಳಿಯೋದೇನು? ಬರೇ ಹುಡುಗರ ಉತ್ತರ ಪತ್ರಿಕಿ!

ಮರುದಿನ ಸಾಲ್ಯಾಗ ನಮ್ಮ ಡ್ರಾಯಿಂಗ್ ಮಾಸ್ತರ ಉಪಾಯ ಹೇಳಿದ್ರು. "ವಿಮಾ ಮಾಡಸ್ರಿ. ಬೆಂಕಿ, ಕಳವು ಅಂತ ಬರೀತಾರ. ವಿಮಾದೋರು ಬಂದು ನೋಡಿ ಸಹಿ ಮಾಡೇ ಮಾಡತಾರ. ಗುಜರಿಗೆ ಯಾರರ ವಿಮಾ ಕೊಡತಾರೇನು?" ನನಗ ಅವರ ಕಾಲಿಗೆ ಬೀಳಬೇಕು ಅನಿಸ್ತು. ಆ ಶನಿವಾರನ ಬಸ್ ಹತ್ತಿ ರಾಯಚೂರಿಗೆ ಹೋದೆ.

ವಿಮಾ ಆಫೀಸಿನಾಗ ಒಬ್ಬ ಕಾರಕೂನ ಕುಂತಿದ್ದ.

"ಕಾರಿನ ವಿಮಾ ಏನ್ರಿ?" ಅಂತ ಕೇಳಿದ.

"ಕಾರಿಂದ. ಆದ್ರ ಬಿಡಿಬಿಡಿಯಾಗಿ."

"ಕಾರು ಓಡತದೇನು?"

"ಇಲ್ರಿ."

"ನಿಂತದೇನು?"

"ನಿಂತೂ ಇಲ್ರಿ. ಅಲ್ಲಲ್ಲೆ ಮಲಗ್ಯದ."

ಕಾರಕೂನ ಪೆನ್ನು ಕೆಳಗಿಟ್ಟ. ಬಾಜೂಕ ಕುಂತಿದ್ದ ಸರ್ವೇಯರ್ ಸಾಹೇಬರು, ಅಂದ್ರ ಊರೂರಿಗೆ ಹೋಗಿ ಸಾಮಾನು ಪರೀಕ್ಷಾ ಮಾಡಿ ಬರೋರು, ಪಾಪ, ಭಾಳ ಮರ್ಯಾದಸ್ತರು. ಅವರ ನನ್ನ ಕರದು ಕೂಡಿಸಿ ತಿಳಿಸಿ ಹೇಳಿದ್ರು. "ನೋಡ್ರಿ ಮಾಸ್ತರ್ರ, ಬರೇ ಬಿಡಿ ಸಾಮಾನಿಗೆ ವಿಮಾ ಆಗಂಗಿಲ್ಲ. ಮನಿಯೊಳಗ ಕಾರ್ಖಾನಿ ಅಂತ ಇದ್ರ, ಅದರ ಹತ್ಯಾರ, ಅದರೊಳಗ ಇಟ್ಟ ಸಾಮಾನು, ಎಲ್ಲಾ ಕೂಡಿ ಮಾಡಬಹುದು. ಹತ್ಯಾರ ಅದಾವೇನು?"

"ರಗಡ ಅದಾವ್ರಿ!" ಅಂತ ಬಾಯಿ ನನ್ನ ಕೇಳದ ಹೇಳಿಬಿಡ್ತು.

ನನ್ನ ಹತ್ಯಾರದ ಪೂರ್ಣ ವಿವರವನ್ನು ಈ ಮೂಲಕ ವಾಚಕರ ಅವಗಾಹನೆಗೆ ತರುತ್ತಿದ್ದೇನೆ. ನಟ್ಟು ಬಿಚ್ಚುವ ಪಾನಾ ಎರಡು. ಬಾಯಿ ಸವೆದ ಇಕ್ಕಳ ಒಂದು. ಸುತ್ತಿಗೆ ಒಂದು, ಅದರ ತಲೆಯು ಒಮ್ಮೆ ಹಾರಿ ಹೋಗಿ ಪಕ್ಕದ ಮನೆಯ ನೀರಿನ ಕೊಡ ಒಡೆದಿದ್ದರಿಂದ, ತಲೆ ಮತ್ತು ಹಿಡಿಕೆಯನ್ನು ಬೇರೆ ಬೇರೆ ಇಡಲಾಗಿತ್ತು. ಮುಗೀತು!

ಆದ್ರ ಆ ಹೊತ್ತಿನ್ಯಾಗ ನನ್ನ ತಲಿಯೊಳಗ ಮಿಂಚು ಹೊಡದಂಗ ಒಂದು ವಿಚಾರ ಬಂತು. ನಮ್ಮ ಓಣಿಯೊಳಗ ವರ್ಷಾ ಖಂಡೇಪೂಜಿಗೆ, ಅಂದ್ರ ಆಯುಧಪೂಜಿಗೆ, ಎಲ್ಲಾರ ಹತ್ಯಾರನೂ ನಮ್ಮ ಮನಿಗೇ ಬರತಾವ. ದೊಡ್ಡ ಖೋಲಿ ನಮ್ಮದು, ಅಲ್ಲದ ಇಂಜಿನ್ನು ಇದ್ದ ಮನಿಯೂ ನಮ್ಮದೊಂದ. ಲಾರಿ ರಿಪೇರಿ ಮಾಡೋ ಬಾಜೂ ಮನಿ ಖಾದರ್ ಭಾಯಿ ಸಹಿತ ತನ್ನ ಪೆಟ್ಟಿಗಿ ತಂದಿಡತಾನ. "ಲಾರಿ ಮಾಲಕರು ಕೇಳತಾರ ಮಾಸ್ತರ್ ಸಾಬ್, ನಿನ್ನ ಪಾನಾಕ್ಕ ಪೂಜಿ ಆಗ್ಯದೋ ಇಲ್ಲೋ ಅಂತ. ಇಲ್ಲಂದ್ರ ಗಾಡಿಗೆ ಕೈ ಹಚ್ಚಗೊಡಂಗಿಲ್ಲ," ಅಂತಾನ. ಬಡಿಗೇರ ಬಸಣ್ಣನ ಗರಗಸ, ಉಳಿ, ಕೀಸುಳಿ ಎಲ್ಲಾ ಬರತಾವ. ಆವತ್ತ ಒಂದು ದಿನ ನಮ್ಮ ಖೋಲಿ ನೋಡಿದ್ರ ಎಂಥಾ ಕಾರ್ಖಾನಿನೂ ನಾಚಬೇಕು!

"ಸಾಹೇಬ್ರ, ತಾವು ಖಂಡೇಪೂಜಿ ದಿನ ಬಂದ್ರ ಭಾಳ ಛಲೋ," ಅಂದೆ.

"ಅರೇ, ನಮ್ಮ ಮಾವನ ಮನಿ ಹಿರೇಕೊಟ್ನೆಕಲ್ಲು. ಹಬ್ಬಕ್ಕ ನಿಮ್ಮೂರ ಮ್ಯಾಲ ಹೊಂಟೀನಿ. ಹಾದಿ ಮ್ಯಾಲ ನೋಡೇ ಹೋಗತೀನಿ," ಅಂದ್ರು ಅವರು. ದೇವರ ನನ್ನ ಕಡಿ ಅದಾನ ಅಂತ ಖಾತ್ರಿ ಆತು.

ಅರ್ಜಿ ತುಂಬಿದೆ. ಹತ್ಯಾರ ನನ್ನವು ಅಂತ ನಾ ಎಲ್ಲೂ ಬರೀಲಿಲ್ಲ. 'ಸದರಿ ಕಾರ್ಖಾನೆಯಲ್ಲಿರುವ ಹತ್ಯಾರಗಳು' ಅಂತ ಅವರ ಅಚ್ಚು ಹಾಕಿದ್ರು. ಆ ದಿನ ಅಲ್ಲಿ ಇರತಿದ್ವು, ಹೌದಲ್ಲೋ? ಇದರಾಗ ನಂದೇನು ತಪ್ಪು?

ಖಂಡೇಪೂಜಿ ದಿನ ಬಂತು. ಖೋಲಿಗೆ ಸುಣ್ಣ ಹೊಡಿಸಿದ್ದೆ. ಹತ್ಯಾರ ಎಲ್ಲಾ ತೊಳದು, ಒರಸಿ, ಕಂಬಳಿ ಮ್ಯಾಲ ಸಾಲು ಹಿಡದು ಹೊಂದಿಸಿದೆ. ಖಾದರ್ ಭಾಯಿಯ ಪಾನಾ ಸಣ್ಣದರಿಂದ ದೊಡ್ಡದರ ತನಕ, ನಮ್ಮ ಸಾಲಿ ಹುಡುಗರು ಪ್ರಾರ್ಥನಾಕ್ಕ ನಿಂತಂಗ ನಿಂತಿದ್ವು. ಬಸಣ್ಣನ ಗರಗಸಕ್ಕ ವಿಭೂತಿ ಪಟ್ಟಿ, ಇಂಜಿನ್ನಿಗೆ ಚಂಡಿಹೂವಿನ ಮಾಲಿ. ಮಹಾದೇವಿನೂ ತನ್ನ ಮಷೀನು ತಂದು ಒಂದು ಮೂಲ್ಯಾಗ ಇಟ್ಟು ಕುಂಕುಮ ಹಚ್ಚಿದ್ಲು. ಮಂಗಳಾರತಿ ಆತು, ಕಾಯಿ ಒಡದ್ವಿ. ಎಲ್ಲಾರೂ ತಮ್ಮ ತಮ್ಮ ಮನಿಗೆ ಹೋದ್ರು. ಸರಿಯಾಗಿ ಆಗ ಸರ್ವೇಯರ್ ಸಾಹೇಬರ ಸ್ಕೂಟರು ಬಂದು ನಿಂತಿತು!

ಖೋಲಿ ಬಾಗಿಲಾಗ ನಿಂತು ಒಳಗ ನೋಡಿದ ಸಾಹೇಬರು ಬೂಟು ಕಳಚಿದ್ರು. "ವಾಹ್ ಮಾಸ್ತರ್ರ! ರಾಯಚೂರಿನಾಗೂ ಇಂಥಾ ಕಾರ್ಖಾನಿ ನಾ ನೋಡಿಲ್ಲ!" ನಾನು ಮಹಾದೇವಿ ಕಡಿ ತಿರುಗಿ ನೋಡಿದೆ. ಕೇಳಿದ್ಯಾ ಅನ್ನೋಹಂಗ ಹುಬ್ಬು ಹಾರಿಸಿದೆ. ಆಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡ್ಲು.

ಸಾಹೇಬರು ಬಗ್ಗಿ ಒಂದು ಪಾನಾಕ್ಕ ಕೈ ಹಾಕಿದ್ರು. "ಎತ್ತಬ್ಯಾಡ್ರೀ ಯಪ್ಪಾ!" ಅಂತ ಮಹಾದೇವಿ ಕೂಗಿದ್ಲು. "ಪೂಜಿ ಆಗ್ಯದ. ನಾಳಿ ದಸರಾದ ಬನ್ನಿ ಮುಡಿಯೋ ತನಕ ಎತ್ತೋಹಂಗಿಲ್ಲ."

"ಹೌದಲ್ಲವ್ವಾ, ಮರತ ಬಿಟ್ಟಿದ್ದೆ," ಅಂತ ಸಾಹೇಬರು ಕೈ ಹಿಂದಕ್ಕ ತಗದು ಗಲ್ಲ ಬಡಕೊಂಡ್ರು. ಕಣ್ಣಿಂದನ ಎಣಿಸಿ ಕಾಗದದ ಮ್ಯಾಲ ಬರಕೊಂಡ್ರು. ಹೋಳಿಗಿ ಉಂಡ್ರು. ಇನ್ನೊಂದು ಹೋಳಿಗಿ ಉಂಡ್ರು. ಹೊರಗ ಬಂದು ಸ್ಕೂಟರ್ ಸೀಟಿನ ಮ್ಯಾಲ ಕಾಗದ ಹಾಸಿ, ಸಹಿ ಮಾಡಾಕ ಪೆನ್ನಿನ ಟೋಪಿ ತಗದ್ರು.

"ತಡೀರಿ, ಗಾಡಿ ಬಿಸಿ ಆಗಾಕತ್ತಿರಲಿ," ಅಂತ ಒಂದು ಕಿಕ್ಕು ಹೊಡದ್ರು. ಚಾಲೂ ಆಗಲಿಲ್ಲ. ಇನ್ನೊಂದು ಹೊಡದ್ರು. ಹತ್ತು ಹೊಡದ್ರು. ಪೆನ್ನಿನ ಟೋಪಿ ಹಾಕಿ, ಪೆನ್ನು, ಕಾಗದ ಎರಡೂ ಕಿಸೆದಾಗ ಇಟ್ಟು, ತೋಳು ಏರಿಸಿದ್ರು.

"ಪ್ಲಗ್ಗಿಗೆ ಮಸಿ ಕಟ್ಯದ ಮಾಸ್ತರ್ರ. ಒಂದು ಪ್ಲಗ್ ಪಾನಾ ಕೊಡ್ರಿ. ಎರಡು ನಿಮಿಷದ ಕೆಲಸ."

ಒಳಗ ಒಂದಲ್ಲ, ಮೂರು ಪ್ಲಗ್ ಪಾನಾ ಇದ್ವು! ಮೂರಕ್ಕೂ ಹೂವು ಏರಿಸಿತ್ತು. ಓಡಿ ಹೋದೆ. ಹೊಸ್ತಿಲದಾಗ ಮಹಾದೇವಿ ಎರಡೂ ಕೈ ಬಾಗಿಲಿಗೆ ಹಚ್ಚಿ ನಿಂತಿದ್ಲು.

"ಒಂದ ಒಂದು ಪಾನಾ, ಮಹಾದೇವಿ! ಎರಡು ನಿಮಿಷ!"

"ಮಂದಿ ಹತ್ಯಾರ ನಂಬಿಕಿ ಮ್ಯಾಲ ನಮ್ಮನ್ಯಾಗ ಇಟ್ಟಾರ. ಪೂಜಿ ಕೆಟ್ಟು ನಾಳಿ ಅವರ ಕೈಗೆ ಗಾಯ ಆದ್ರ ಯಾರು ಹೊಣಿ?"

"ಮೆತ್ತಗ ಮಾತಾಡ, ಮಾರಾಯ್ತಿ! 'ಮಂದಿ ಹತ್ಯಾರ' ಅನ್ನಬ್ಯಾಡ!"

ಹಿಂದಿನಿಂದ ಸಾಹೇಬರ ದನಿ ಬಂತು. "ಬ್ಯಾಡ ಬಿಡ್ರಿ, ಆ ತಾಯಿ ಹೇಳೋದು ಸರಿ ಅದ. ಪೂಜಿ ಕೆಡಸಬಾರದು. ಬಾಜೂ ಮನ್ಯಾಗ ಕೇಳಿದ್ರಾತು."

ಬಾಜೂ ಮನಿ ಅಂದಕೂಡ್ಲೆ ನಾ ಓಡಿ ಅಡ್ಡ ಬಂದೆ. "ಅವರು ಮನ್ಯಾಗ ಇರಂಗಿಲ್ರಿ," ಅಂದೆ. ಖಾದರ್ ಭಾಯಿ ಬಾಗಿಲಾಗ ಕುಂತು ನಮ್ಮ ಕಡೇನ ನೋಡಾಕತ್ತಿದ್ದ. "ಅವರಿಗೆ ಕಿವಿ ಕೇಳಂಗಿಲ್ರಿ," ಅಂದೆ. "ಸಲಾಂ ಸಾಹೇಬ್ರ, ಗಾಡಿ ಕೈ ಕೊಡ್ತೇನು?" ಅಂತ ಖಾದರ್ ಭಾಯಿ ಅಲ್ಲಿಂದನ ಕೇಳಿದ!

"ಒಂದು ಪ್ಲಗ್ ಪಾನಾ ಬೇಕಾಗಿತ್ತು ಭಾಯಿ," ಅಂದ್ರು ಸಾಹೇಬರು.

ನಾನು ಸಾಹೇಬರ ಬೆನ್ನ ಹಿಂದ ನಿಂತು ಖಾದರ್ ಭಾಯಿಗೆ ಕಣ್ಣು ಹೊಡದೆ, ಕೈ ಆಡಿಸಿದೆ, ಬಾಯಿ ಮ್ಯಾಲ ಬೆರಳಿಟ್ಟೆ.

"ನನ್ನ ಪೂರಾ ಪೆಟ್ಟಿಗಿ ಮಾಸ್ತರ್ ಸಾಬ್ ಮನ್ಯಾಗ ಪೂಜಿಗೆ ಕುಂತದಲ್ರಿ! ಪ್ಲಗ್ ಪಾನಾ ಮೂರೂ ಅಲ್ಲೇ ಅದಾವ," ಅಂದ ಖಾದರ್ ಭಾಯಿ. ಆಮ್ಯಾಲ ನನ್ನ ಕಡಿ ನೋಡಿ, "ಅರೆ ಮಾಸ್ತರ್ ಸಾಬ್, ಕಣ್ಣಾಗ ಏನು ಬಿತ್ತು? ನೀರು ಹಾಕಿ ತೊಳೀರಿ, ಉಜ್ಜಬ್ಯಾಡ್ರಿ!"

ಸಾಹೇಬರು ತಿರುಗಿ ನನ್ನ ಕಡಿ ನೋಡಿದ್ರು. ಕಿಸೆದಾಗಿನ ಕಾಗದ ತಗದು, ಒಂದು ಸಾಲಿಗೆ ಕಾಟು ಹಾಕಿದ್ರು. ಕಾಟು ಹಾಕೋ ಸಪ್ಪಳ ನನಗ ಕೇಳಿಸ್ತು. ಅಷ್ಟರಾಗ ಬಡಿಗೇರ ಬಸಣ್ಣನೂ ಬಂದ. ಬ್ಯಾರೆ ದಿನ ನಾಕು ಸಲ ಕರದ್ರೂ ಬರದ ಮನಷ್ಯಾ!

"ನಂದೂ ಅಲ್ಲೇ ಅದಾವ್ರಿ ಸಾಹೇಬ್ರ. ಏಳು ಉಳಿ, ಎರಡು ಗರಗಸ, ಕೀಸುಳಿ, ದೊಡ್ಡ ಸುತ್ತಿಗಿ. ನಮ್ಮ ಮಾಸ್ತರ್ರು ಭಾಳ ಜ್ವಾಕಿಲೆ ನೋಡಕೋತಾರ, ಒಂದೂ ಹೆಚ್ಚುಕಮ್ಮಿ ಆಗಂಗಿಲ್ಲ."

ಕಾಟು, ಕಾಟು, ಕಾಟು, ಕಾಟು. ಇಡೀ ಓಣಿಯೊಳಗ ಒಂದು ಮೊಳಿ ಕೀಳೋ ಹತ್ಯಾರ ಇರಲಿಲ್ಲ, ಯಾಕಂದ್ರ ಇಡೀ ಓಣಿ ಹತ್ಯಾರ ನನ್ನ ಕಾರ್ಖಾನಿಯೊಳಗ ಇದ್ವು!

"ಮಾಸ್ತರ್ರ," ಅಂದ್ರು ಸಾಹೇಬರು, "ಸಾಲ್ಯಾಗ ನೀವು ಏನು ಕಲಸ್ತೀರಿ?"

"ವಿಜ್ಞಾನರಿ."

"ಲೆಕ್ಕ ಅಲ್ಲಲ್ಲ, ಛಲೋ ಆತು."

ಭೂಮಿ ಬಾಯಿ ತಗದ್ರ ಇಳದು ಹೋಗತಿದ್ದೆ. ಆದ್ರ ಸಾಹೇಬರು ಸಿಟ್ಟಿಗೆ ಬರಲಿಲ್ಲ. ಉಂಡ ಹೋಳಿಗಿ ಋಣ ಇರಬೇಕು. "ಸ್ಕೂಟರು ಇಲ್ಲೇ ಇರಲಿ. ಬಸ್ಸಿಗೆ ಹೋಗಿ, ನಾಳಿ ಸಂಜೀಕ ಬನ್ನಿ ಮುಡದು ಬರತೀನಿ. ಎಲ್ಲಾರ ಹತ್ಯಾರ ಎಲ್ಲಾರ ಮನಿಗೆ ಹೋಗಿರಲಿ. ಉಳದದ್ದು ನೋಡಿ ಬರೀತೀನಿ," ಅಂತ ಹೇಳಿ ಹೋದ್ರು.

ಮರುದಿನ ಸಂಜೀಕ ಓಣಿ ಮಂದಿ ಬಂದ್ರು. "ಬನ್ನಿ ತಗೊಂಡು ಬಂಗಾರದಂಗ ಇರೋಣು," ಅಂತ ಒಂದು ಕೈಲೆ ನನಗ ಬನ್ನಿ ಎಲಿ ಕೊಡೋರು, ಇನ್ನೊಂದು ಕೈಲೆ ತಮ್ಮ ಹತ್ಯಾರ ತಗೊಂಡು ಹೋಗೋರು. ನನ್ನ ಕೈ ತುಂಬ ಎಲಿ ಆತು, ಖೋಲಿ ಖಾಲಿ ಆತು. ಖಾದರ್ ಭಾಯಿ ಹೋಗತ ಹೋಗತ ಸ್ಕೂಟರಿನ ಪ್ಲಗ್ಗು ಬಿಚ್ಚಿ, ಒರಸಿ, ಹಚ್ಚಿ, ಒಂದ ಕಿಕ್ಕಿಗೆ ಚಾಲೂ ಮಾಡಿ ಇಟ್ಟ. ಸಾಹೇಬರೂ ಬಂದು ನಮಗ ಬನ್ನಿ ಕೊಟ್ಟು, ಕಾಗದ ತಗದು ಖೋಲಿಯೊಳಗ ನಿಂತ್ರು.

"ಪಾನಾ ಎರಡು. ಇಕ್ಕಳ ಒಂದು. ಸುತ್ತಿಗಿ... ಇದರ ತಲಿ ಎಲ್ಲಿ?"

"ಅದು ಡಬ್ಬಿಯೊಳಗ ಅದರಿ."

"ಇಂಜಿನ್ನು ನಡೀತದೇನು?"

"ಜೋಡಿಸಿದ್ರ ನಡೀತದ್ರಿ."

"ಯಾವಾಗ ಜೋಡಸ್ತೀರಿ?"

"ನಾನೂ ಆರು ವರ್ಷದಿಂದ ಅದನ್ನ ಕೇಳಾಕತ್ತೀನ್ರಿ," ಅಂತ ಮೂಲ್ಯಾಗಿಂದ ಮಹಾದೇವಿ ಅಂದ್ಲು. ಬನ್ನಿ ಮುಡದಿತ್ತಲ್ಲ, ಆಕಿನೂ ಮಷೀನಿನ ಮುಂದ ಕುಂತು ಬಸಣ್ಣನ ಮಗಳ ಕುಬಸ ಹೊಲಿಯಾಕ ಸುರು ಮಾಡಿದ್ಲು. ಗಿರ್ರ್ ಅಂತ ಸಪ್ಪಳ ಬಂದಕೂಡ್ಲೆ ಸಾಹೇಬರು ತಿರುಗಿದ್ರು.

"ಇದು ಯಾರದವ್ವಾ?"

"ನಂದ್ರಿ."

"ರಸೀದಿ ಅದ ಏನು?"

ಮಹಾದೇವಿ ಎದ್ದು ಹೋಗಿ, ಟ್ರಂಕಿನ ತಳದಾಗಿಂದ ಅರಿವ್ಯಾಗ ಸುತ್ತಿಟ್ಟ ರಸೀದಿ ತಂದು ಕೊಟ್ಲು. ನನ್ನ ಕಾರಿಗೆ ರಸೀದಿ ಅಂತ ಇದ್ದದ್ದು ಆ ಗೌಡರ ನಗು ಒಂದ! ಸಾಹೇಬರು ಹಳೇ ಅರ್ಜಿ ಮಡಚಿ, ಹೊಸ ಅರ್ಜಿ ತಗದ್ರು. "ಹೊಲಿಗಿ ಕಾರ್ಖಾನಿ ಅಂತ ಬರೀತೀನವ್ವಾ. ಮಷೀನು ಯಾವ ಖೋಲಿಯೊಳಗ ಇರತದ? ಅಡಗಿ ಮನಿಯೊಳಗ ಒಲಿ ಬಾಜೂಕ ಅಂದ್ರ ಬೆಂಕಿ ವಿಮಾ ಆಗಂಗಿಲ್ಲ ನೋಡು."

ಮಹಾದೇವಿ ಮತ್ತ ಮಷೀನಿನ ಮುಂದ ಕುಂತ್ಲು. ನನ್ನ ಕಡಿ ನೋಡಿದ್ಲು. ಪಣಾ ಕಟ್ಟಿದ್ದು ಆಕಿ, ಸೋತದ್ದು ನಾನು, ಆದ್ರೂ ಖೋಲಿ ತಾನಾಗಿ ಕೇಳಲಿಲ್ಲ. ಆರು ವರ್ಷ ಒಲಿ ಹೊಗಿಯೊಳಗ ಕುಂತು ಹೊಲದಾಕಿ ಆಕಿ. ಇಂಜಿನ್ನಿನ ಕೊಳ್ಳಾಗಿನ ಬಾಡಿದ ಮಾಲಿ ನೋಡಿದೆ, ಆಕಿನ್ನ ನೋಡಿದೆ.

"ಇದ ಖೋಲಿಯೊಳಗ್ರಿ," ಅಂದೆ.

ಅಂದ ಮ್ಯಾಲ, ಯಾಕೋ ಏನೋ, ಮನಸು ಹಗುರ ಆತು. ಮಹಾದೇವಿ ತಲಿ ಬಗ್ಗಿಸಿ ಮಷೀನು ಇನ್ನಷ್ಟು ಜೋರು ತುಳದ್ಲು.

ಮರುದಿನ ಗುಜರಿಯಾವ ಬಂದು ಬಾಗಿಲಾ, ಗೇರ್‌ಬಾಕ್ಸು, ಡಬ್ಬಿ ಎಲ್ಲಾ ಒಯ್ದ. ಹಿಂದಿನ ಸೀಟಿಗೆ ಕೈ ಹಾಕಿದಾಗ ಮಹಾದೇವಿ ತಡದ್ಲು. "ಅದು ಇರಲಿ. ಅಳತಿ ಕೊಡಾಕ ಬಂದೋರು ಕುಂದರಾಕ ಬೇಕು. ಇಂಜಿನ್ನೂ ಇರಲಿ."

"ಖರೇನ?" ಅಂದೆ.

"ಇಸ್ತ್ರಿ ಪೆಟ್ಟಿಗಿ ಇಡಾಕ ಅದರಷ್ಟು ಗಟ್ಟಿ ಜಾಗಾ ಮನಿಯೊಳಗ ಬ್ಯಾರೆ ಇಲ್ಲ."

ಮುಂದ ಸ್ವಲ್ಪ ದಿನಕ್ಕ ಟಪಾಲಿನಾಗ ವಿಮಾ ಪತ್ರ ಬಂತು. ಇಂಗ್ಲಿಷಿನಾಗ ಇತ್ತು. ಕಾರಿನ ಸೀಟಿನ ಮ್ಯಾಲ ಓಣಿಯ ನಾಕು ಹೆಣ್ಣುಮಕ್ಕಳು ಕುಂತಿದ್ರು. "ಎಲ್ಲಾರಿಗೂ ತಿಳಿಯೋಹಂಗ ಓದ್ರಿ," ಅಂದ್ಲು ಮಹಾದೇವಿ. ನಾನು ಗಂಟಲು ಸರಿ ಮಾಡಿಕೊಂಡು, ಸಾಲ್ಯಾಗ ಪಾಠ ಓದಿದಂಗ ಸುರು ಮಾಡಿದೆ.

"ಕಾರ್ಖಾನೆಯ ಮಾಲೀಕರು: ಶ್ರೀಮತಿ ಮಹಾದೇವಿ. ಆಸ್ತಿಯ ವಿವರ: ಹೊಲಿಗೆ ಯಂತ್ರ ಒಂದು, ಸುಸ್ಥಿತಿಯಲ್ಲಿದೆ. ಆಸ್ತಿಯನ್ನು ಕಾಯುವವರು..."

ಅಲ್ಲಿಗೆ ನನ್ನ ದನಿ ಇಳೀತು.

"ಜೋರಾಗಿ ಓದ್ರಿ, ಕೇಳಂಗಿಲ್ಲ!"

"ಕಾವಲುಗಾರ: ಶ್ರೀ ವೀರಭದ್ರಪ್ಪ ಮಾಸ್ತರ, ಮಾಲೀಕರ ಪತಿ."

ಸೀಟಿನ ಮ್ಯಾಲಿನ ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಚ್ಚಿಕೊಂಡ್ರು. ಅದರಾಗ ಒಬ್ಬಾಕಿ ಬಸಣ್ಣನ ಹೆಂಡತಿ. "ಪಗಾರ ಎಷ್ಟು ಬರದಾರ್ರೀ ಮಾಸ್ತರ್ರ?" ಅಂತ ಭಾಳ ಕಾಳಜಿಯಿಂದ ಕೇಳಿದ್ಲು.

ನೋಡಿದೆ. ಆ ಜಾಗಾದಾಗ ಸಾಹೇಬರು ಉದ್ದಕ ಒಂದು ಗೀಟು ಎಳದಿದ್ರು.